ಹಳ್ಳಿಗೆ ಬಂದ ಬಾಬ್ ಕಟ್ಟು: ಕೆದರಿದ ಕೂದಲಿಗೂ ಒಂದು ಹದ ಬೇಕು

ಮುಂಜಾನೆ ಎಂಟರ ಬಸ್ಸಿಗೆ ಎರಡು ಹೆರಳು ಹಾಕಿಕೊಂಡು ಹುಬ್ಬಳ್ಳಿಗೆ ಹೋದ ಹುಡುಗಿ, ಸಂಜೆ ಆರರ ಬಸ್ಸಿಗೆ ಕುತ್ತಿಗೆ ಬರಿದು ಮಾಡಿಕೊಂಡು ಇಳಿಯುತ್ತಾಳೆ. ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕಪ್ಪು-ಬಸಿಯ ಸಪ್ಪಳ ಒಂದು ಗಳಿಗೆ ನಿಲ್ಲುತ್ತದೆ. ಆಕೆ ಮನೆ ಮುಟ್ಟುವುದಕ್ಕಿಂತ ಮೊದಲೇ ಸುದ್ದಿ ಮನೆ ಮುಟ್ಟಿರುತ್ತದೆ.

ನವಲಗುಂದವಿರಲಿ, ಕುಂದಗೋಳವಿರಲಿ, ಅಣ್ಣಿಗೇರಿಯಿರಲಿ, ಕಲಘಟಗಿಯಿರಲಿ, ಮುಂದಿನ ಮಾತುಕತೆ ಮಾತ್ರ ಎಲ್ಲ ಕಡೆಗೂ ಒಂದೇ.

"ಏನ ಬೇ ಇದು? ಕೂದಲಾ ಎಲ್ಲಿ ಒಗದು ಬಂದಿ?" ಅಂತ ಅವ್ವ.

"ಬಾಬ್ ಕಟ್ ಬೇ ಯವ್ವಾ. ಈಗ ಎಲ್ಲಾರೂ ಮಾಡಸ್ತಾರ."

"ನಾ ಇನ್ನೂ ಜೀವಂತ ಅದೀನಿ. ನನ್ನ ಮಣ್ಣ ಮಾಡಿ ಬಂದವರಂಗ ತಲಿ ಕೆದರಿಕೊಂಡ ಯಾಕ ನಿಂತಿ?" ಅಂತ ಒಳಗಿನಿಂದ ಆಯಿ.

ಅಪ್ಪ ಏನೂ ಅನ್ನುವುದಿಲ್ಲ. ಟೀವಿಯ ಆವಾಜು ಒಂದಿಷ್ಟು ಹೆಚ್ಚು ಮಾಡುತ್ತಾನೆ, ಅಷ್ಟೇ.

ಜಗಳ ಎರಡು ದಿನದ್ದು. ಮೂರನೆಯ ದಿನ ನಿಜವಾದ ಪೇಚಾಟ ಶುರುವಾಗುತ್ತದೆ. ಪಾರ್ಲರಿನ ಕನ್ನಡಿಯಲ್ಲಿ ಅಲೆ ಅಲೆಯಾಗಿ, ಗಾಳಿಗೆ ತಾನೇ ಹಾರಿ ಬಂದು ಕೂತಂತೆ ಕಂಡಿದ್ದ ಕೂದಲು, ಮನೆಯ ಬಚ್ಚಲಲ್ಲಿ ಒಮ್ಮೆ ಎರಕೊಂಡ ಮೇಲೆ ಬುಟ್ಟಿ ಬೋರಲು ಹಾಕಿದಂತೆ ಕೂತುಬಿಡುತ್ತದೆ. ಇಲ್ಲವೇ ಬಣವಿಯ ಮೇಲಿನ ಕಣಕಿಯಂತೆ ನಾಲ್ಕೂ ದಿಕ್ಕಿಗೆ ನಿಲ್ಲುತ್ತದೆ. ಕತ್ತರಿಸಿದ್ದನ್ನು ತಿರುಗಿ ಅಂಟಿಸಲು ಬರುವುದಿಲ್ಲ. ಆಯಿ ಬಾಗಿಲಲ್ಲಿ ನಿಂತು ನೋಡಿ, "ನಾ ಅಂದಿದ್ದಿಲ್ಲ?" ಅನ್ನುತ್ತಾಳೆ.

ಆದ್ದರಿಂದ ಕೂದಲು ಕತ್ತರಿಸಬೇಕೋ ಬೇಡವೋ ಎಂಬ ಪಂಚಾಯಿತಿ ಇಲ್ಲಿ ಬೇಡ. ಅದು ಅವರವರ ತಲೆ. ಕತ್ತರಿಸಿದ ಮೇಲೆ ಅದನ್ನು ನಮ್ಮ ನೀರು, ನಮ್ಮ ಧೂಳು, ನಮ್ಮ ಕೆಲಸದ ನಡುವೆ ಚೆಂದಾಗಿ ಇಟ್ಟುಕೊಳ್ಳುವುದು ಹೇಗೆ ಎಂಬುದೇ ಇಲ್ಲಿಯ ಮಾತು.

ಕೆದರಿದ ಕೂದಲಿಗೆ ಇದ್ದ ಕೆಟ್ಟ ಹೆಸರು

ಆಯಿಯ ಸಿಟ್ಟಿಗೂ ಒಂದು ಬುಡ ಇದೆ. ನಮ್ಮ ಕಡೆ ಹೆಣ್ಣುಮಕ್ಕಳ ಬಿಚ್ಚಿದ ಕೂದಲು ಎಂದರೆ ಸುಮ್ಮನೆ ಕೂದಲಲ್ಲ. ಸತ್ತ ಮನೆಯಲ್ಲಿ ಕೂದಲು ಬಿಚ್ಚುತ್ತಾರೆ. ಮೈಮೇಲೆ ದೇವರು ಬಂದಾಗ ಕೂದಲು ಕೆದರುತ್ತದೆ. ಗಂಡ ಸತ್ತ ಹೆಣ್ಣಿನ ತಲೆ ಬೋಳಿಸಿ ಮೂಲೆಗೆ ಕೂಡಿಸುತ್ತಿದ್ದ ಕಾಲವನ್ನು ಕೆಲವು ಮನೆತನಗಳ ಹಿರಿಯರು ಕಣ್ಣಾರೆ ಕಂಡಿದ್ದಾರೆ. ಹೆಣ್ಣಿನ ಕೂದಲಿಗೆ ಕತ್ತರಿ ಬಿತ್ತೆಂದರೆ ಅದು ದುಃಖದ ಗುರುತು, ಇಲ್ಲವೇ ಹರಕೆಯ ಗುರುತು. ಶೋಕಿಯ ಗುರುತು ಆದದ್ದು ಈಚೆಗೆ.

ಹಿಂದಕ್ಕೆ ಹೋದರೆ ಅಣ್ಣಿಗೇರಿಗೇ ಹೋಗಬೇಕು. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಬೆಳ್ವೊಲ ನಾಡಿನ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂದು ಕುರ್ಕ್ಯಾಲದ ಶಾಸನ ಹೇಳುತ್ತದೆ. ಹತ್ತನೆಯ ಶತಮಾನದಲ್ಲಿ ಪಂಪ ಬರೆದ 'ವಿಕ್ರಮಾರ್ಜುನ ವಿಜಯ'ದಲ್ಲಿ, ದುಶ್ಯಾಸನನ ಕೈಗೆ ಸಿಕ್ಕ ದ್ರೌಪದಿಯ ಮುಡಿ ಬಿಚ್ಚಿಯೇ ಉಳಿಯುತ್ತದೆ. ಕಡೆಗೆ ಭೀಮ ಅದನ್ನು ಕಟ್ಟುತ್ತಾನೆ. ಕಟ್ಟುವಾಗ ಅವನು ಆಡುವ ಮಾತಿನ ತಾತ್ಪರ್ಯ ಇಷ್ಟು: ಇಷ್ಟು ದೊಡ್ಡ ಭಾರತ ಹುಟ್ಟಿದ್ದು ಈ ಕೂದಲಿನಿಂದಲೇ, ಇದೇನು ಸಾಮಾನ್ಯವೇ? ಹೀಗೆ ಒಂದು ಸಾವಿರ ವರ್ಷದಿಂದ ನಮ್ಮ ನಾಡಿನಲ್ಲಿ ಕಟ್ಟಿದ ಕೂದಲು ಎಂದರೆ ಸಮಾಧಾನ, ಬಿಚ್ಚಿದ ಕೂದಲು ಎಂದರೆ ಕದನ. ಆಯಿ ಪಂಪನನ್ನು ಓದಿಲ್ಲದಿರಬಹುದು, ಆದರೆ ಆಕೆಯ ಮಾತು ಅದೇ ಊರಿನ ಮಣ್ಣಿನದು.

ಇದಕ್ಕಿಂತ ಗಂಭೀರವಾದ ಮಾತು ಇನ್ನೊಂದಿದೆ. ನವಲಗುಂದದ ಪಕ್ಕಕ್ಕೇ ಸವದತ್ತಿ. ಎಲ್ಲಮ್ಮನ ಗುಡ್ಡದ ಸುತ್ತಿನ ಹಳ್ಳಿಗಳಲ್ಲಿ ಹುಡುಗಿಯ ಕೂದಲು ಗಂಟುಗಟ್ಟಿ 'ಜಡೆ' ಬಿಟ್ಟಿತೆಂದರೆ ಅದು ದೇವಿಯ ಕರೆ ಎಂದು ನಂಬಿದವರಿದ್ದರು. ಆ ಜಡೆಗೆ ಹಣಿಗೆ ಹಚ್ಚುವಂತಿಲ್ಲ, ಕತ್ತರಿ ತಾಗಿಸುವಂತಿಲ್ಲ. ಅರಿಷಿಣ ಭಂಡಾರ ಹಚ್ಚಿ ಪೂಜೆ ಮಾಡುವುದು, ಹುಡುಗಿಯನ್ನು ದೇವಿಗೆ ಬಿಡುವುದು. ಮುಂದಿನ ಬಾಳು ಏನಾಗುತ್ತಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ ೧೯೩೪ರಲ್ಲಿಯೇ ಇದರ ವಿರುದ್ಧ ಒಂದು ಕಾಯ್ದೆ ಬಂತು. ಕರ್ನಾಟಕ ಸರಕಾರ ೧೯೮೨ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಮಾಡಿತು. ಕಾಯ್ದೆ ಬಂದ ಮೇಲೂ ಜಡೆಯ ಅಂಜಿಕೆ ಎಷ್ಟೋ ಮನೆಗಳಿಂದ ಬಿಟ್ಟು ಹೋಗಿಲ್ಲ.

ಜಡೆ ಹೇಗೆ ಆಗುತ್ತದೆ? ದೇವಿಯದು ಅದರಲ್ಲಿ ಏನೂ ಪಾತ್ರವಿಲ್ಲ. ಕೂದಲಿನ ಮೈಮೇಲೆ ಮೀನಿನ ಪೊರೆಯಂಥ ಸಣ್ಣ ಸಣ್ಣ ಹುರುಪೆಗಳಿರುತ್ತವೆ. ತಿಂಗಳುಗಟ್ಟಲೆ ಹಣಿಗೆ ತಾಗದೆ ಹೋದರೆ, ಎಣ್ಣೆ, ಬೆವರು, ಎರಿ ಮಣ್ಣಿನ ಧೂಳು, ಹೇನಿನ ಕಾಟ ಎಲ್ಲ ಕೂಡಿ ಆ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಮೊದಲು ಸಿಕ್ಕು, ಆಮೇಲೆ ಗಂಟು, ಆಮೇಲೆ ಕಂಬಳಿಯಂಥ ಜಡೆ. ಜಡ್ಡಿನಲ್ಲಿ ಮಲಗಿದವರಿಗೆ, ಮನಸ್ಸು ಕೆಟ್ಟವರಿಗೆ, ತಾಯಿ ಇಲ್ಲದ ಕೂಸುಗಳಿಗೆ ಇದು ಬೇಗ ಆಗುತ್ತದೆ, ಏಕೆಂದರೆ ಬಾಚುವವರು ಇರುವುದಿಲ್ಲ. ಮಹಾರಾಷ್ಟ್ರದಲ್ಲಿ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಕಾರ್ಯಕರ್ತರು ಮನೆ ಮನೆಗೆ ಹೋಗಿ, ತಾಸುಗಟ್ಟಲೆ ತಿಳಿಹೇಳಿ, ಇಂಥ ಜಡೆಗಳನ್ನು ಕತ್ತರಿಸಿದ್ದಾರೆ. ಕತ್ತರಿಸಿಕೊಂಡವರಿಗೆ ಯಾವ ದೇವಿಯೂ ಮುನಿದಿಲ್ಲ. ಕುತ್ತಿಗೆ ನೋವು ಹೋಗಿದೆ, ಅಷ್ಟೇ.

ಹಾಗಾಗಿ ತಾಯಂದಿರೇ, ಮಗಳು 'ಕೆದರಿದಂಥ' ಬಾಬ್ ಕಟ್ಟು ಬೇಕು ಅಂದರೆ ಅಂಜಬೇಡಿ. ಆಕೆ ಕೇಳುತ್ತಿರುವ ಕೆದರು ದಿನಾ ಕೈಯಾಡಿಸಿ ಮಾಡಿದ ಕೆದರು. ಅಂಜಬೇಕಾದದ್ದು ಕೈ ತಾಗದೆ ಬಿಟ್ಟ ಕೂದಲಿಗೆ.

ಬಾಬ್ ಎಲ್ಲಿಂದ ಬಂತು

ಇದು ಹುಬ್ಬಳ್ಳಿಯ ಪಾರ್ಲರಿನವರು ಹುಡುಕಿದ್ದಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಐರೀನ್ ಕ್ಯಾಸಲ್ ಎಂಬ ಅಮೆರಿಕದ ನರ್ತಕಿ ಕಿವಿಯ ಮಟ್ಟಕ್ಕೆ ಕೂದಲು ಕತ್ತರಿಸಿಕೊಂಡಳು. ಯುದ್ಧ ಮುಗಿದು ಹೆಣ್ಣುಮಕ್ಕಳು ಆಫೀಸು, ಕಾರಖಾನೆಗೆ ಹೋಗತೊಡಗಿದ ಮೇಲೆ ಅದು ಕಾಡಗಿಚ್ಚಿನಂತೆ ಹಬ್ಬಿತು. ಅಲ್ಲಿಯೂ ಅಪ್ಪಂದಿರು ಸಿಟ್ಟಾದರು, ಗಂಡಂದಿರು ಮಾತು ಬಿಟ್ಟರು, ಪಾದ್ರಿಗಳು ಬೈದರು. ೧೯೨೦ರಲ್ಲಿ ಫಿಟ್ಜೆರಾಲ್ಡ್ ಎಂಬ ಕಥೆಗಾರ ಬಾಬ್ ಕಟ್ಟಿಗೆ ಹೆದರಿ ಹೆದರಿ ತಲೆ ಕೊಟ್ಟ ಹುಡುಗಿಯ ಮೇಲೆ ಒಂದು ಕಥೆಯನ್ನೇ ಬರೆದ. ಹೆಂಗಸರ ಕೂದಲು ಕಟ್ಟುವವರಿಗೆ ಕತ್ತರಿಸಲು ಬರುತ್ತಿರಲಿಲ್ಲವಾದ್ದರಿಂದ, ಅಮೆರಿಕದ ಹೆಣ್ಣುಮಕ್ಕಳು ಗಂಡಸರ ಕಟಿಂಗ್ ಅಂಗಡಿಯ ಮುಂದೆ ಸಾಲು ಹಚ್ಚಿ ನಿಂತಿದ್ದರು.

ಅಲೆಯ ಕಥೆ ಬೇರೆ. ಕಾರ್ಲ್ ನೆಸ್ಲರ್ ಎಂಬ ಜರ್ಮನ್ ಕ್ಷೌರಿಕ ಬಿಸಿ ಸಲಾಕೆ ಮತ್ತು ಔಷಧದಿಂದ ಕೂದಲಿಗೆ ಕಾಯಂ ಸುರುಳಿ ಹಾಕುವ ವಿದ್ಯೆಯನ್ನು ಲಂಡನ್ನಿನಲ್ಲಿ ತೋರಿಸಿದ್ದು ೧೯೦೬ರ ಸುಮಾರಿಗೆ. ಅದಕ್ಕೂ ಮೊದಲು ಅವನು ಪ್ರಯೋಗ ಮಾಡಿದ್ದು ಹೆಂಡತಿಯ ತಲೆಯ ಮೇಲೆ. ಮೊದಮೊದಲ ಸಲ ಪಾಪ, ಆಕೆಯ ಕೂದಲು ಸುಟ್ಟೇಹೋಗಿ ನೆತ್ತಿಗೆ ಬೊಬ್ಬೆ ಎದ್ದಿತ್ತು. ೧೯೬೩ರಲ್ಲಿ ಲಂಡನ್ನಿನ ವಿಡಾಲ್ ಸಸೂನ್ ಎಂಬಾತ ನಟಿ ನ್ಯಾನ್ಸಿ ಕ್ವಾನಳ ಉದ್ದ ಕೂದಲು ಕತ್ತರಿಸಿ ಬಾಬಿಗೆ ಹೊಸ ಜೀವ ಕೊಟ್ಟ. ಒಳ್ಳೆಯ ಕತ್ತರಿ ಬಿದ್ದರೆ ಕೂದಲು ತಾನೇ ತನ್ನ ಜಾಗಕ್ಕೆ ಬಂದು ಕೂರುತ್ತದೆ ಎಂಬುದು ಅವನ ಸಿದ್ಧಾಂತ.

ನಮ್ಮಲ್ಲಿ ೧೯೬೦ರ 'ಲವ್ ಇನ್ ಸಿಮ್ಲಾ' ಚಿತ್ರದಿಂದ ಸಾಧನಾ ಕಟ್ಟು ಬಂತು. ಅಗಲ ಹಣೆ ಮುಚ್ಚಲು ಮಾಡಿದ ಉಪಾಯ ಅದು, ದೇಶಕ್ಕೆ ದೇಶವೇ ಹಣೆಯ ಮೇಲೆ ಕೂದಲು ಬಿಟ್ಟುಕೊಂಡಿತು. ೧೯೬೬ರಲ್ಲಿ ಪ್ರಧಾನಿಯಾದ ಇಂದಿರಾ ಗಾಂಧಿಯವರ ಗಿಡ್ಡ ಕೂದಲನ್ನು, ಅದರ ನಡುವಿನ ಬಿಳಿ ಪಟ್ಟಿಯನ್ನು ಗೋಡೆ ಗೋಡೆಯ ಮೇಲೆ ಹಳ್ಳಿಯವರೂ ನೋಡಿದರು. "ಇಂದಿರಮ್ಮಗ ಯಾರೂ ಏನೂ ಅನಲಿಲ್ಲ, ನನಗ ಯಾಕ ಅಂತೀರಿ?" ಎಂದು ಕೇಳುವ ಧೈರ್ಯ ಮಾತ್ರ ಆಗಿನ ಹುಡುಗಿಯರಿಗೆ ಇರಲಿಲ್ಲ. ಈಗಿನವರಿಗೆ ಇದೆ.

ಕತ್ತರಿ ಯಾರ ಕೈಯಲ್ಲಿ?

ಹಳ್ಳಿಯಲ್ಲಿ ಕತ್ತರಿ ಹಿಡಿಯುವವರು ತಲೆತಲಾಂತರದಿಂದ ಹಡಪದ ಸಮಾಜದವರು. ಜವಳ ತೆಗೆಯುವುದರಿಂದ ಹಿಡಿದು ಮದುವೆಯ ಮದಲಿಂಗನ ಕ್ಷೌರದವರೆಗೆ ಅವರೇ ಬೇಕು. ಸುಗ್ಗಿಯಲ್ಲಿ ಕಣಕ್ಕೆ ಬಂದು ಜೋಳದ ಆಯ ತೆಗೆದುಕೊಂಡು ಹೋಗುವ ಪದ್ಧತಿ ಇತ್ತು. ಈಗ ತಿರುಗುವ ಕುರ್ಚಿ, ಎರಡೂ ಕಡೆ ಕನ್ನಡಿ ಇರುವ ಸಲೂನುಗಳಾಗಿವೆ. ಆದರೆ ಸಣ್ಣ ಹುಡುಗಿಯರನ್ನು ಬಿಟ್ಟರೆ ಹೆಣ್ಣುಮಕ್ಕಳು ಆ ಮೆಟ್ಟಿಲು ಹತ್ತುವುದಿಲ್ಲ. ಪಾರ್ಲರು ಎಂಬುದು ತಾಲ್ಲೂಕು ಊರಿನಲ್ಲಿ ಒಂದೋ ಎರಡೋ. ಅಲ್ಲಿಯ ಹೆಚ್ಚಿನ ಕೆಲಸ ಹುಬ್ಬು ತೀಡುವುದು, ಮದುವಣಗಿತ್ತಿಯ ಸಿಂಗಾರ. ಆದ್ದರಿಂದ ಬಾಬಿಗೆ ಹುಬ್ಬಳ್ಳಿಯ ಬಸ್ಸೇ ಗತಿ.

ಬಸ್ಸು ಹತ್ತುವ ಮೊದಲು ಕೆಲವು ಮಾತು ತಿಳಿದಿರಬೇಕು. ಕುರ್ಚಿಯ ಮೇಲೆ ಕೂತಮೇಲೆ ಬಾಯಿ ಕಟ್ಟುತ್ತದೆ. ದೊಡ್ಡ ಪ್ಯಾಟಿ, ದೊಡ್ಡ ಕನ್ನಡಿ ನೋಡಿ ನಮ್ಮ ಹುಡುಗಿಯರು "ಹೆಂಗರ ಮಾಡ್ರಿ" ಅಂದುಬಿಡುತ್ತಾರೆ. ಹಾಗೆ ಅನ್ನಬಾರದು.

ಮೊದಲನೆಯದು, ಉದ್ದ. ಅಲೆ ಬೇಕಾದವರು ಗದ್ದದ ಮಟ್ಟಕ್ಕೆ ಕತ್ತರಿಸಬಾರದು. ಹಸಿ ಕೂದಲು ಉದ್ದ ಕಾಣುತ್ತದೆ, ಒಣಗಿ ಸುರುಳಿ ಹಿಡಿದ ಮೇಲೆ ಮೇಲಕ್ಕೆ ಏರುತ್ತದೆ. "ಅಕ್ಕಾರ, ಗದ್ದದ ಕೆಳಗ ಎರಡು ಬೆರಳು ಬಿಡ್ರಿ" ಎಂದು ಸ್ಪಷ್ಟ ಹೇಳಬೇಕು. ಕಡಿಮೆಯಾದರೆ ಮತ್ತೆ ಕತ್ತರಿಸಬಹುದು, ಹೆಚ್ಚು ಕತ್ತರಿಸಿದರೆ ದೀಪಾವಳಿಯವರೆಗೆ ಕಾಯಬೇಕು. ಕೂದಲು ತಿಂಗಳಿಗೆ ಬೆಳೆಯುವುದು ಹೆಚ್ಚೂ ಕಡಿಮೆ ಅರ್ಧ ಇಂಚು ಮಾತ್ರ.

ಎರಡನೆಯದು, ತುದಿ. ಹಲಗೆ ಕೊಯ್ದಂತೆ ನೆಟ್ಟಗೆ ಕತ್ತರಿಸಿದರೆ ಅಲೆ ಕೂಡುವುದಿಲ್ಲ, ಕೆಳಗೆ ದಪ್ಪ ಗೋಪುರದಂತೆ ಅಗಲವಾಗುತ್ತದೆ. ಕತ್ತರಿಯ ತುದಿಯನ್ನು ನಿಲ್ಲಿಸಿ ಚುಚ್ಚಿ ಚುಚ್ಚಿ ಕತ್ತರಿಸಿದರೆ ತುದಿ ಮೆತ್ತಗಾಗುತ್ತದೆ. ಒಳಗಿನ ಪದರವನ್ನು ಒಂದಿಷ್ಟು ಹಗುರ ಮಾಡಿಸಬೇಕು. ತೆಳ್ಳಗಿನ ಕೂದಲಿದ್ದವರು ಮಾತ್ರ ಪದರ ಹೆಚ್ಚು ಮಾಡಿಸಬಾರದು. ಇದ್ದದ್ದೂ ಹೋಗಿ ಇಲಿ ಕಡಿದಂತೆ ಕಾಣುತ್ತದೆ.

ಮೂರನೆಯದು, ಬೈತಲೆ. ನಟ್ಟ ನಡುವೆ ತೆಗೆಯುವ ಬದಲು ಒಂದು ಬದಿಗೆ ತೆಗೆದರೆ ನೆತ್ತಿಯ ಮೇಲೆ ಎತ್ತರ ಬರುತ್ತದೆ. ನಾಲ್ಕು ದಿನಕ್ಕೊಮ್ಮೆ ಬದಿ ಬದಲಿಸಿದರೆ ಇನ್ನೂ ಒಳ್ಳೆಯದು.

ನೀರಿನ ಪಂಚಾಯಿತಿ

ಈಗ ಊರಿನ ನೀರಿನ ಮಾತು. ನವಲಗುಂದ, ಅಣ್ಣಿಗೇರಿ ಕಡೆಯ ಎರಿ ಭೂಮಿಯ ಬಾವಿ-ಬೋರಿನ ನೀರು ಎಷ್ಟೋ ಕಡೆ ಸವಳು. ಕುಡಿಯಲು ಜನ ನಂಬಿದ್ದು ಕೆರೆಯನ್ನು, ಮಲಪ್ರಭೆಯ ಕಾಲುವೆಯನ್ನು. ಬೇಳೆ ಬೇಯದ ನೀರಿನಲ್ಲಿ ಕೂದಲು ಹೊಳೆಯುವುದಾದರೂ ಹೇಗೆ? ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಸಾಬೂನಿನ ಜೊತೆ ಕೂಡಿ ಜಿಗಟು ರಾಡಿಯಾಗುತ್ತದೆ. ಅದು ಕೂದಲಿಗೆ ಅಂಟಿ ಕೂತು, ಕೂದಲು ಒರಟಾಗುತ್ತದೆ, ಅಲೆ ನಿಲ್ಲುವುದಿಲ್ಲ.

ಇದಕ್ಕೆ ಉಪಾಯ ದೊಡ್ಡದಲ್ಲ. ಮೈಸಾಬೂನನ್ನು ತಲೆಗೆ ಹಚ್ಚಬಾರದು. ಶಾಂಪೂ ಅಥವಾ ಶೀಗೆಕಾಯಿ ಆಗಬಹುದು. ಎರಕೊಳ್ಳುವುದೆಲ್ಲ ಬೋರಿನ ನೀರಿನಲ್ಲಿ ಆಗಲಿ, ಕಡೆಯ ಎರಡು ತಂಬಿಗೆ ಮಾತ್ರ ಕೆರೆಯ ನೀರೋ ಮಳೆಯ ನೀರೋ ಇರಲಿ. ಆ ಒಂದು ತಂಬಿಗೆ ನೀರಿಗೆ ಅರ್ಧ ಲಿಂಬೆಹಣ್ಣಿನ ರಸ ಹಿಂಡಿದರೆ ಜಿಗಟು ಬಿಡುತ್ತದೆ. ಬರೀ ಲಿಂಬೆರಸ ತಲೆಗೆ ತಿಕ್ಕಬಾರದು. ಕಣ್ಣಿಗೆ ಬಿದ್ದರೆ ಉರಿ, ಗಾಯವಿದ್ದರೆ ಇನ್ನೂ ಉರಿ.

ಒಂದು ತಮಾಷೆ ಇದೆ. ಪರದೇಶದಲ್ಲಿ ಕೂದಲಿಗೆ ಕೆದರಿದ ಅಲೆ ತರಲು ಉಪ್ಪು ನೀರನ್ನು ಬಾಟಲಿಯಲ್ಲಿ ತುಂಬಿ ಮಾರುತ್ತಾರೆ. ಸಮುದ್ರದಲ್ಲಿ ಮಿಂದು ಬಂದವರ ಕೂದಲು ಗಡುಸಾಗಿ ಅಲೆ ಹಿಡಿಯುವುದನ್ನು ನೋಡಿ ಹುಟ್ಟಿದ ವ್ಯಾಪಾರ ಅದು. ಸವಳು ನೀರಿಗೆ ದುಡ್ಡು ಕೊಡುವವರೂ ಇದ್ದಾರೆ ಎಂದು ಕೇಳಿದರೆ ನವಲಗುಂದದ ಮಂದಿ ನಕ್ಕಾರು. ಆದರೆ ಉಪ್ಪು ಕೂದಲಿನ ತೇವ ಎಳೆದು ಒಣಕಲು ಮಾಡುತ್ತದೆ. ಮೊದಲೇ ಒಣಗಿದ ನಮ್ಮ ಕೂದಲಿಗೆ ಆ ಶೋಕಿ ಬೇಡ.

ರಾತ್ರಿಯ ಕೆಲಸ, ಮುಂಜಾನೆಯ ಅಲೆ

ಕರೆಂಟು ಬೇಡ, ಮಷಿನ್ನು ಬೇಡ, ದುಡ್ಡೂ ಹೆಚ್ಚು ಬೇಡ. ಕೂದಲಿನ ಒಳಗಿನ ಕಟ್ಟಿನಲ್ಲಿ ಒಂದು ಬಗೆಯದು ನೀರು ತಾಗಿದರೆ ಸಡಿಲಾಗುತ್ತದೆ, ಒಣಗಿದರೆ ತಿರುಗಿ ಬಿಗಿಯುತ್ತದೆ. ಒಣಗುವಾಗ ಕೂದಲು ಯಾವ ಆಕಾರದಲ್ಲಿ ಇರುತ್ತದೋ ಆ ಆಕಾರ ಮುಂದಿನ ಸ್ನಾನದವರೆಗೆ ನಿಲ್ಲುತ್ತದೆ. ರಾತ್ರಿ ಹೆರಳು ಹಾಕಿ ಮಲಗಿದವರ ಕೂದಲು ಮುಂಜಾನೆ ಬಿಚ್ಚಿದಾಗ ಅಲೆ ಅಲೆಯಾಗಿರುವುದನ್ನು ನಮ್ಮ ಹೆಣ್ಣುಮಕ್ಕಳು ಯಾವಾಗಿನಿಂದಲೋ ಬಲ್ಲರು. ವಿದ್ಯೆ ಅದೇ. ಗಿಡ್ಡ ಕೂದಲಿಗೆ ಹೊಂದಿಸಿಕೊಂಡರೆ ಸಾಕು.

ಮೊದಲು ಅಂಟು ತಯಾರು ಮಾಡಬೇಕು. ಪ್ಯಾಟಿಯ ಜೆಲ್ ಯಾಕೆ, ನಮ್ಮ ಹಿಂಡಿಯ ಅಗಸಿ ಇಲ್ಲವೇ? ಒಂದು ಸಣ್ಣ ವಾಟಗ ಅಗಸಿಗೆ ಎಂಟು ವಾಟಗ ನೀರು ಹಾಕಿ ಸಣ್ಣ ಉರಿಯಲ್ಲಿ ಕುದಿಸಬೇಕು. ಕೈ ಬಿಡದೆ ತಿರುವಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಏಳೆಂಟು ನಿಮಿಷಕ್ಕೆ ನೀರು ಲೋಳೆಯಾಗಿ ಚಮಚದಿಂದ ದಾರದಂತೆ ಇಳಿಯತೊಡಗುತ್ತದೆ. ಆಗ ಇಳಿಸಿ, ಬಿಸಿ ಇರುವಾಗಲೇ ತೆಳ್ಳನೆಯ ಅರಿವೆಯಲ್ಲಿ ಸೋಸಬೇಕು. ಆರಿದರೆ ಗಟ್ಟಿಯಾಗಿ ಅರಿವೆಯಿಂದ ಇಳಿಯುವುದೇ ಇಲ್ಲ. ಇದು ಅಡುಗೆಯಂತೆಯೇ ಕೆಡುವ ಪದಾರ್ಥ. ಫ್ರಿಜ್ಜಿನಲ್ಲಿ ಇಟ್ಟರೆ ಒಂದು ವಾರ, ಹೊರಗಾದರೆ ಮರುದಿನಕ್ಕೇ ಹೊಸದು ಮಾಡಬೇಕು. ವಾಸನೆ ಬಂದರೆ ಚೆಲ್ಲಬೇಕು.

ಸಂಜೆ ಮುಂದೆ ಎರಕೊಂಡು, ಕೂದಲನ್ನು ಹಳೆಯ ಧೋತರದ ತುಂಡಿನಿಂದ ಒತ್ತಿ ನೀರು ತೆಗೆಯಬೇಕು. ಗಸಗಸ ತಿಕ್ಕಬಾರದು, ತಿಕ್ಕಿದರೆ ಅಲೆಯ ಬದಲು ಜೂಲು ಏಳುತ್ತದೆ. ಅಗಲ ಹಲ್ಲಿನ ಹಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಬೇಕು. ಬುಡದಿಂದ ಎಳೆದರೆ ಹರಿಯುತ್ತದೆ. ಮುಕ್ಕಾಲು ಪಾಲು ಒಣಗಿ, ಮುಟ್ಟಿದರೆ ತಂಪು ಅನ್ನಿಸುವ ಹೊತ್ತಿಗೆ ಅಗಸಿಯ ಲೋಳೆಯನ್ನು ಅಂಗೈಯಲ್ಲಿ ಇಷ್ಟೇ ಹಚ್ಚಿಕೊಂಡು, ತುದಿಗಳನ್ನು ಮುಷ್ಟಿಯಲ್ಲಿ ಹಿಡಿದು ಮೇಲಕ್ಕೆ ಒತ್ತಬೇಕು. ಬುಡಕ್ಕೆ ಹಚ್ಚಬಾರದು.

ಆಮೇಲೆ ಕೂದಲನ್ನು ಆರು ಪಾಲು ಮಾಡಬೇಕು: ಎಡಕ್ಕೆ ಎರಡು, ಬಲಕ್ಕೆ ಎರಡು, ಹಿಂದೆ ಎರಡು. ಉದ್ದ ಸಾಲುವ ಕಡೆ ಸಡಿಲ ಹೆರಳು ಹಾಕಬೇಕು. ಸಾಲದ ಕಡೆ ಹಗ್ಗ ಹೊಸೆದಂತೆ ಹೊಸೆದು, ಸುತ್ತಿ, ಹಳೆಯ ಸೀರೆಯ ಅಂಚಿನ ಚಿಂದಿಯಿಂದ ಕಟ್ಟಬೇಕು. ಮುಖದ ಬದಿಯ ಪಾಲನ್ನು ಮುಖದಿಂದ ಹೊರಕ್ಕೆ ಹೊಸೆಯಬೇಕು, ಆಗ ಕಣ್ಣಿಗೆ ಬೀಳುವುದಿಲ್ಲ. ಎಲ್ಲವನ್ನೂ ಒಂದೇ ದಿಕ್ಕಿಗೆ ಹೊಸೆಯಬಾರದು. ಒಂದು ಎಡಕ್ಕೆ, ಒಂದು ಬಲಕ್ಕೆ ಆದರೆ ತಾನೇ ಆದಂಥ ಕೆದರು ಕಾಣುತ್ತದೆ. ಕಡೆಯ ಒಂದು ಬೆರಳು ತುದಿಯನ್ನು ಹಾಗೇ ನೆಟ್ಟಗೆ ಬಿಡಬೇಕು, ಅದು ಈಗಿನ ರೀತಿ.

ಬುಡ ಮಾತ್ರ ಪೂರ್ತಿ ಹಸಿ ಇದ್ದಾಗ ಕಟ್ಟಿ ಮಲಗಬಾರದು. ತಲೆ ವಾಸನೆ ಹಿಡಿಯುತ್ತದೆ, ತುರಿಕೆ ಬರುತ್ತದೆ.

ಮುಂಜಾನೆ ಬೂದಿ-ಸೆಗಣಿ, ಕಸ-ಮುಸುರೆ ಮುಗಿಸಿ ಕಡೆಗೆ ಬಿಚ್ಚಬೇಕು. ಪೂರ್ತಿ ಒಣಗಿದೆಯೋ ನೋಡಿ ಬಿಚ್ಚಬೇಕು, ಒಂದಿಷ್ಟು ಹಸಿ ಇದ್ದರೂ ಅಲೆ ಚಹಾ ಕುಡಿಯುವುದರೊಳಗೆ ಇಳಿದುಹೋಗುತ್ತದೆ. ಬಿಚ್ಚಿದ ಮೇಲೆ ಹಣಿಗೆ ಮುಟ್ಟಬಾರದು. ತಲೆ ಕೆಳಗೆ ಮಾಡಿ ಬೆರಳಿನಿಂದ ಬುಡ ಅಲುಗಿಸಬೇಕು. ಅಂಗೈಗೆ ಎರಡೇ ಹನಿ ಕೊಬ್ಬರಿ ಎಣ್ಣೆ ತಿಕ್ಕಿಕೊಂಡು ತುದಿಗೆ ಸವರಿದರೆ ಕೆಲಸ ಮುಗಿಯಿತು. ಎಣ್ಣೆ ಸುರಿದರೆ ಭಾರಕ್ಕೆ ಅಲೆ ಮಲಗುತ್ತದೆ. ತಲೆಗೆ ಎಣ್ಣೆ ಬೇಕೇ ಬೇಕು ಅನ್ನುವವರು ಎರಕೊಳ್ಳುವ ಮೊದಲು ಹಚ್ಚಲಿ, ಆಯಿಯ ಮನಸ್ಸೂ ಉಳಿಯುತ್ತದೆ.

ಕಲಘಟಗಿ ಕಡೆಯವರಿಗೆ ಒಂದು ಮಾತು. ನಿಮ್ಮದು ಮಲೆನಾಡಿನ ಸೆರಗು. ಜಿಟಿಜಿಟಿ ಮಳೆಯ ದಿನಗಳಲ್ಲಿ ಗಾಳಿಯ ತೇವವೇ ಅಲೆಯನ್ನು ಸಡಿಲಿಸುತ್ತದೆ. ಆಗ ಲೋಳೆ ಒಂದಿಷ್ಟು ಹೆಚ್ಚಿರಲಿ, ಹೆರಳು ಬಿಗಿ ಇರಲಿ. ಕುಂದಗೋಳದ ಎರಿ ಹೊಲಕ್ಕೆ ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುವವರು ತಲೆಗೆ ಅರಿವೆ ಕಟ್ಟಿಕೊಳ್ಳುವುದು ಇದ್ದದ್ದೇ. ಅದು ಬಾಬನ್ನು ಕೆಡಿಸುವುದಿಲ್ಲ, ಧೂಳಿನಿಂದ ಉಳಿಸುತ್ತದೆ.

ಬಿಸಿ ಕಬ್ಬಿಣ, ವಾಸನೆಯ ಔಷಧ

ಕೂದಲು ಸುತ್ತುವ ಬಿಸಿ ಕಬ್ಬಿಣ ಈಗ ಸಂತೆಯಲ್ಲೂ ಸಿಗುತ್ತದೆ. ಮದುವೆ-ಮುಂಜಿಗೆ ಒಮ್ಮೆ ಬಳಸಿದರೆ ಅಡ್ಡಿಯಿಲ್ಲ. ಹಸಿ ಕೂದಲಿಗೆ ಮಾತ್ರ ತಾಗಿಸಬಾರದು. ಒಳಗಿನ ನೀರು ಕುದ್ದು ಕೂದಲು ಒಡೆಯುತ್ತದೆ. ಸುಟ್ಟ ವಾಸನೆ ಬಂತೆಂದರೆ ಕೆಲಸ ಕೆಟ್ಟಿತೆಂದೇ ಲೆಕ್ಕ.

ನಿಜವಾಗಿ ಎಚ್ಚರ ಇರಬೇಕಾದದ್ದು ಕೂದಲನ್ನು ಕಾಯಮ್ಮಾಗಿ ನೆಟ್ಟಗೆ ಇಲ್ಲವೇ ಸುರುಳಿ ಮಾಡುವ ಔಷಧಗಳ ಬಗ್ಗೆ. ಕೆಲವು ನೆಟ್ಟಗೆ ಮಾಡುವ ಔಷಧಗಳಿಂದ ಬಿಸಿ ಮಾಡಿದಾಗ ಫಾರ್ಮಾಲ್ಡಿಹೈಡ್ ಹೊಗೆ ಏಳುತ್ತದೆ. ಅದು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ೨೦೦೪ರಲ್ಲಿಯೇ ಹೇಳಿದೆ. ಗ್ಲೈಆಕ್ಸಿಲಿಕ್ ಆಮ್ಲ ಇರುವ ಔಷಧ ಹಚ್ಚಿಸಿಕೊಂಡ ಹೆಂಗಸಿನ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದ ಸಂಗತಿ ೨೦೨೪ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಡಬ್ಬಿಯ ಮೇಲೆ ಏನು ಬರೆದಿದೆ ಎಂದು ಕೇಳುವುದು ಅವಮಾನವಲ್ಲ. ಕಣ್ಣು ಉರಿದರೆ, ನೆತ್ತಿ ಸುಟ್ಟರೆ "ಸಾಕ್ರಿ, ತೊಳದ ಬಿಡ್ರಿ" ಎಂದು ಕುರ್ಚಿಯಿಂದ ಏಳಬೇಕು. ನೆಸ್ಲರನ ಹೆಂಡತಿಯ ಪಾಡು ಯಾರಿಗೂ ಬೇಡ.

ಬಾಬ್ ಅಲ್ಲದ ಬಾಬ್

ಗಿಡ್ಡ ಕೂದಲಿನವರೆಲ್ಲ ಶೋಕಿಯಿಂದ ಕತ್ತರಿಸಿದವರಲ್ಲ ಎಂಬುದನ್ನು ಊರು ನೆನಪಿಡಬೇಕು. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಬರುವ ಹೆಣ್ಣುಮಕ್ಕಳು ಈ ತಾಲ್ಲೂಕುಗಳಲ್ಲಿಯೂ ಇದ್ದಾರೆ. ಔಷಧದ ಕಾವಿಗೆ ಉದುರಿದ ಕೂದಲು, ಚಿಕಿತ್ಸೆ ಮುಗಿದ ಕೆಲವು ವಾರಕ್ಕೆ ತಿರುಗಿ ಚಿಗುರುತ್ತದೆ. ಎಷ್ಟೋ ಜನರಿಗೆ ಮೊದಲು ನೆಟ್ಟಗಿದ್ದ ಕೂದಲು ಈ ಸಲ ಗುಂಗುರಾಗಿ, ಅಲೆಯಾಗಿ ಬರುತ್ತದೆ. ಹೆಚ್ಚಿನವರಲ್ಲಿ ಇದು ಕೆಲಕಾಲದ್ದು, ಆಮೇಲೆ ಮೊದಲಿನಂತೆ ಆಗುತ್ತದೆ. ಅಂಥವರಿಗೆ ಬಿಸಿ ಕಬ್ಬಿಣ, ಬಣ್ಣ, ಔಷಧ ಯಾವುದೂ ಸದ್ಯಕ್ಕೆ ಬೇಡ, ಡಾಕ್ಟರನ್ನು ಕೇಳಿಯೇ ಮುಂದಿನ ಮಾತು. ಮೆತ್ತನೆಯ ಶಾಂಪೂ, ಅಗಲ ಹಲ್ಲಿನ ಹಣಿಗೆ ಸಾಕು. ಎರಡು ಬೆರಳು ಬೆಳೆದ ಮೇಲೆ ತುದಿ ಸಮ ಮಾಡಿಸಿದರೆ ಅದೇ ಚೆಂದದ ಗಿಡ್ಡ ಕಟ್ಟು.

ಆದ್ದರಿಂದ ಕಟ್ಟೆಯ ಮೇಲೆ ಕೂತವರು ಗಿಡ್ಡ ಕೂದಲಿನ ಹೆಣ್ಣುಮಗಳನ್ನು ನೋಡಿ "ಏನ ಫ್ಯಾಶನ್ನೋ ಏನೋ" ಎನ್ನುವ ಮೊದಲು ಒಂದು ಗಳಿಗೆ ತಡೆಯುವುದು ಒಳ್ಳೆಯದು. ಆ ತಲೆ ಏನೇನು ಕಂಡು ಬಂದಿದೆಯೋ.

ಕಡೆಗೊಂದು ಮಾತು

ಸಾಲಿಗೆ ಹೋಗುವ ಹುಡುಗಿಯರಿಗೆ ಬಾಬ್ ಅನುಕೂಲವೇ. ಎರಡು ಹೆರಳು, ಎರಡು ರಿಬ್ಬನ್ನು ಎಂಬ ಶಿಸ್ತು ಉದ್ದ ಕೂದಲಿಗೆ ಸರಿ, ಗಿಡ್ಡ ಕೂದಲಿಗೆ ಒಂದು ಬ್ಯಾಂಡು ಹಾಕಿದರೆ ಅದೂ ಶಿಸ್ತೇ. ಹೇನು ಬಿದ್ದರೆ ಹುಡುಕುವುದು ಸಲೀಸು. ಮುಂಜಾನೆ ಅವ್ವನಿಗೆ ಹೆರಳು ಹಾಕುವ ಹೊತ್ತು ಉಳಿಯುತ್ತದೆ. ಆದರೆ ಬೆಳೆದ ಬಾಬಿಗೆ ಆರೆಂಟು ವಾರಕ್ಕೊಮ್ಮೆ ಕತ್ತರಿ ಬೇಕು, ಇಲ್ಲದಿದ್ದರೆ ಬಾಬೂ ಅಲ್ಲ, ಹೆರಳೂ ಅಲ್ಲ, ನಡುವೆ ತ್ರಿಶಂಕು. ಬಸ್ಸಿನ ಖರ್ಚು ಲೆಕ್ಕ ಹಾಕಿಯೇ ತಲೆ ಕೊಡಬೇಕು. ತಾಲ್ಲೂಕು ಊರುಗಳಲ್ಲಿ ಹೆಣ್ಣುಮಕ್ಕಳೇ ಕತ್ತರಿ ಕಲಿತು ಅಂಗಡಿ ಹಾಕಿದರೆ ಆ ಖರ್ಚೂ ಉಳಿಯುತ್ತದೆ, ನಾಲ್ಕು ಮನೆಗೆ ಅನ್ನವೂ ಆಗುತ್ತದೆ. ಇದು ಯಾರಾದರೂ ಮನಸ್ಸಿಗೆ ಹಚ್ಚಿಕೊಳ್ಳಬೇಕಾದ ಮಾತು.

ಇನ್ನು ಆಯಿಯ ವಿಚಾರ. ವಾರ ಕಳೆದ ಮೇಲೆ ಒಂದು ಸಂಜೆ ಆಕೆಯೇ ಮೊಮ್ಮಗಳನ್ನು ಕರೆದು ಹೊಸ್ತಿಲ ಹತ್ತಿರ ಕೂಡಿಸಿಕೊಳ್ಳುತ್ತಾಳೆ.

"ಬಾ ಇಲ್ಲೆ. ಹಿಂದಿಂದು ನಿನಗ ಕೈ ಸಿಗೂದಿಲ್ಲ. ನಾ ಹೊಸಿತೀನಿ."

"ಬಿಗಿ ಹಾಕಬ್ಯಾಡ ಆಯಿ, ಸಡಲ ಇರಲಿ."

"ನನಗ ಹೇಳಿಕೊಡ್ತಿ ಏನ? ನಿಮ್ಮವ್ವಗ ಹೆರಳು ಹಾಕಿದ ಕೈ ಇದು."

ಆರು ಚಿಂದಿ, ಒಂದು ಬಟ್ಟಲು ಅಗಸಿಯ ಲೋಳೆ, ಎರಡು ತಲೆ. ಜಗಳ ಮುಗಿದಂತೆಯೇ ಲೆಕ್ಕ.